ಗುಬ್ಬಿ ದಾರಿಯಲ್ಲಿ ನಿಂತ ಬೈಕು

ಗೆಳೆಯರೇ, ಇವತ್ತು ಗುಬ್ಬಿಯಲ್ಲಿ ನಾದಿನಿಯ ನಿಶ್ಚಿತಾರ್ಥ. ಉಂಗುರಗಳು ನನ್ನ ಹೆಂಡತಿ ಸುಧಾಳ ಪರ್ಸಿನಲ್ಲಿದ್ದವು, ನಾವಿಬ್ಬರೂ ಅಪ್ಪನ ಹಳೇ ಬೈಕಿನ ಮೇಲಿದ್ದೆವು. ತುಮಕೂರು ದಾಟಿದ ಮೇಲೆ ಬೈಕು ಪದೇ ಪದೇ ನಿಲ್ಲತೊಡಗಿತು. ಪ್ರತಿ ಸಲವೂ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಿ ಕಿಕ್ ಹೊಡೆದರೆ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತಿತ್ತು. ಕಾರ್ಬೊರೇಟರ್ ಕೆಟ್ಟಿದೆ ಎಂದೆ.

“ರೀ, ಮುಚ್ಚಳ ತೆಗ್ದಾಗೆಲ್ಲ ಸರಿಹೋಗ್ತಿದೆ. ಒಳಗೆ ಗಾಳಿ ಹೋಗ್ತಿಲ್ಲ ಕಣ್ರೀ, ಅದಕ್ಕೇ ಪೆಟ್ರೋಲ್ ಕೆಳಗಿಳೀತಿಲ್ಲ. ಕೊಡಿ ಇಲ್ಲಿ” ಎಂದಳು ಸುಧಾ. ಮುಚ್ಚಳದ ಸಣ್ಣ ತೂತಿನಲ್ಲಿ ನಾನು ನಿನ್ನೆ ಉಜ್ಜಿದ ಪಾಲಿಶ್ ಗಟ್ಟಿಯಾಗಿ ಕೂತಿತ್ತು. ಸೀರೆಯ ಪಿನ್ನು ತೆಗೆದು ಚುಚ್ಚಿದಳು. ಆಮೇಲೆ ಬೈಕು ಎಲ್ಲೂ ನಿಲ್ಲಲಿಲ್ಲ.

ಉಂಗುರಗಳು ಹೊತ್ತಿಗೆ ಸರಿಯಾಗಿ ತಲುಪಿದವು. ಊಟವಾದ ಮೇಲೆ, ಬೈಕಿನ ಕತೆ ಕೇಳಿದ ಸುಧಾಳ ಚಿಕ್ಕಪ್ಪ “ನನ್ ಸ್ಕೂಟ್ರೂ ಒಸಿ ನೋಡವ್ವ” ಎಂದು ಅವಳನ್ನು ಹೊರಗೆ ಕರೆದೊಯ್ದರು. ನನ್ನ ಕೈಗೆ ಸಾಂಬಾರ್ ಬಕೆಟ್ ಕೊಟ್ಟು ಮುಂದಿನ ಪಂಕ್ತಿಗೆ ಬಡಿಸಲು ಕಳಿಸಿದರು.