ಪಾಲಾನ ಊರಿನ ಹಲಸಿನ ಮರ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಲಕ್ಷ್ಮೀಪುರಂನ ನಮ್ಮ ಬೀದಿಯ ಮಕ್ಕಳೆಲ್ಲ 'ಊರಿಗೆ' ಹೊರಟುಬಿಡುತ್ತಿದ್ದರು. ಕುಂಟೆಬಿಲ್ಲೆಯ ಗೆರೆಗಳ ನಡುವೆ ಉಳಿಯುತ್ತಿದ್ದವಳು ನಾನೊಬ್ಬಳೇ. ಜೂನ್ ಬಂತೋ, ಮೈಗೆಲ್ಲ ಮಾವಿನ ಸೊನೆಯ ವಾಸನೆ ಅಂಟಿಸಿಕೊಂಡು ಬಂದು ಮೊದಲು ಕೇಳುತ್ತಿದ್ದದ್ದೇ, "ನೀನ್ ಯಾವೂರಿಗ್ ಹೋಗಿದ್ದೆ?" ಆ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿ.

ನನಗೆ ಊರೇ ಇರಲಿಲ್ಲ. ಅಮ್ಮನ ತವರು ಅಗ್ರಹಾರದಲ್ಲಿ, ನಡೆದರೆ ಕಾಲು ಗಂಟೆ. ಟಿಬೆಟಿನವನನ್ನು ಮದುವೆಯಾದಳೆಂದು ಆ ಮನೆಯವರು ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸ್ವೆಟರ್ ಮಾರುತ್ತಿದ್ದ ಅಪ್ಪನನ್ನು ಅವನ ಭಾಷೆಯಲ್ಲೇ 'ಪಾಲಾ' ಎಂದು ಕರೆಯುತ್ತಿದ್ದೆ. ಅವನು ಬೆಳೆದದ್ದು ಬೈಲುಕುಪ್ಪೆಯಲ್ಲಿ. ಅದೇ ನಮ್ಮೂರಾ ಎಂದರೆ, "ಅದು ಕ್ಯಾಂಪು. ಊರು ಅಲ್ಲ," ಎನ್ನುತ್ತಿದ್ದ.

"ಮೈಸೂರೇ ನಮ್ಮೂರು ಅನ್ನು ಕಣೇ," ಎನ್ನುತ್ತಿದ್ದಳು ಅಮ್ಮ.

"ಊರಲ್ಲೇ ಇದ್ಕೊಂಡು ಊರಿಗ್ ಹೋಗೋದು ಎಂಗಮ್ಮಾ?"

ಐದನೇ ಕ್ಲಾಸಿನಲ್ಲಿ ಕನ್ನಡ ಮೇಡಂ 'ನಮ್ಮ ಊರು' ಎಂದು ಪ್ರಬಂಧ ಕೊಟ್ಟರು. ಸಿಟ್ಟು ಬಂದು, ಕಾಣದ ಊರನ್ನೇ ಬರೆದುಬಿಟ್ಟೆ. ಪಾಲಾನ ಊರಿನ ಹೊಳೆ, ಚಾಮುಂಡಿ ಬೆಟ್ಟದಷ್ಟೇ ಮೆಟ್ಟಿಲಿರುವ ಹಿಮದ ಬೆಟ್ಟ, ಹಿತ್ತಲಲ್ಲಿ ಹಲಸಿನ ಮರ. ಹಲಸಿಲ್ಲದ ಊರೂ ಇರುತ್ತದೆಂದು ನನಗೇನು ಗೊತ್ತು! ಹಣ್ಣು ಬಿಡಿಸುವ ಮುಂಚೆ ಅಜ್ಜಿ ಕೈಗೆ ಎಣ್ಣೆ ಸವರಿಕೊಳ್ಳುತ್ತಾಳೆ ಎಂದೂ ಸೇರಿಸಿದ್ದೆ.

ಮೇಡಂಗೆ ಅದು ಎಷ್ಟು ಹಿಡಿಸಿತೆಂದರೆ, ಸಂಜೆ ಸೈಕಲ್ಲಿನಲ್ಲಿ ನನ್ನನ್ನು ಕರೆದೊಯ್ಯಲು ಬಂದ ಪಾಲಾನನ್ನು ಗೇಟಿನಲ್ಲೇ ನಿಲ್ಲಿಸಿ ಪೂರ್ತಿ ಓದಿ ಹೇಳಿದರು. ಸಿಕ್ಕಿಬಿದ್ದೆ, ನಾಳೆ ಕ್ಲಾಸಿಗೆ ಕ್ಲಾಸೇ ನಗುತ್ತದೆ.

"ಅಲ್ಲಾ ಕಣ್ರೀ, ಅಷ್ಟು ಚಳೀಲಿ ಹಲಸು ಬಿಡುತ್ತಾ?" ಎಂದು ಮೇಡಂ ಕೇಳಿಯೇಬಿಟ್ಟರು.

ಪಾಲಾ ನನ್ನ ಮುಖ ನೋಡಿದ. "ಹೂಂ ಮೇಡಂ. ದೊಡ್ಡ ಮರ. ಹಣ್ಣು ತುಂಬಾ ರುಚಿ."

ಮನೆಯ ತಿರುವಿನಲ್ಲಿ ಸೈಕಲ್ ನಿಲ್ಲಿಸಿದ. ಬಿತ್ತು ಏಟು ಅಂದುಕೊಂಡೆ.

"ಸುಳ್ಳು ಬರ್ದ್ಬುಟ್ಟೆ ಪಾಲಾ. ಬೈಬೇಡ."

"ಬೈಯಲ್ಲ. ನಾನು ಬಂದಾಗ ನಾಲ್ಕು ವರ್ಷ. ಅಮ್ಮನ ಬೆನ್ನು ಮಾತ್ರ ನೆನಪು. ಊರು ನೆನಪಿಲ್ಲ." ಮೂಗೊರೆಸಿಕೊಂಡ. "ಆಮೇಲೆ? ನಮ್ಮ ಮನೆಯಲ್ಲಿ ಇನ್ನು ಏನಿತ್ತು? ಹೇಳು."

ಆ ವರ್ಷವಿಡೀ ಸೈಕಲ್ಲಿನ ಹಿಂದೆ ಕೂತು ಅವನಿಗೆ ಅವನೂರನ್ನೇ ಹೇಳಿದೆ. ಅಂಗಳ, ಬಾವಿ, ಕೆಂಪು ಕರು. ಪೆಡಲ್ ತುಳಿಯುತ್ತ ಅವನು "ಆಮೇಲೆ?" ಎನ್ನುತ್ತಿದ್ದ. ನನ್ನನ್ನು ಲೇಖಕಿ ಮಾಡಿದ್ದು ಆ ಒಂದು ಮಾತು.

ಈಗ ಊರೂರು ಸುತ್ತಿ ಬರೆಯುವುದೇ ನನ್ನ ಕಸುಬು. ಪಾಲಾನ ನಾಡಿನ ಗಡಿಯವರೆಗೂ ಹೋಗಿ ನಿಂತೆ, ಆಚೆಗೆ ಬಿಡಲಿಲ್ಲ. ಕಣ್ಣಾರೆ ನೋಡದೆ ಒಂದು ಸಾಲೂ ಬರೆಯುವವಳಲ್ಲ ಎಂದು ಸಭೆಗಳಲ್ಲಿ ಜಂಬ ಕೊಚ್ಚುತ್ತೇನೆ. ಹೋದ ವರ್ಷ ಪಾಲಾ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸ್ ನಗುತ್ತ ಕೇಳಿದಳು.

"ಊರಿನ್ ಹಿತ್ತಲಲ್ಲಿ ಹಲಸಿನ ಮರ ಇತ್ತು ಅಂತಾರೆ ಇವ್ರು. ಟಿಬೆಟಲ್ಲಿ ಹಲಸಾ ಮೇಡಂ? ನಿಜಾನಾ?"

"ಹೂಂ ಕಣಮ್ಮ. ದೊಡ್ಡ ಮರ. ಹಣ್ಣು ತುಂಬಾ ರುಚಿ."

ಪಾಲಾ ಕಣ್ಣು ಮುಚ್ಚಿಕೊಂಡೇ ನಕ್ಕ. ಮೂರನೇ ದಿನ ಹೊರಟುಹೋದ. ನಾನು ಎಷ್ಟು ಬರೆದರೂ "ಆಮೇಲೆ?" ಎನ್ನುವವರು ಈಗಿಲ್ಲ. ಆ ಊರನ್ನು ನೋಡಿದವರಲ್ಲಿ ಉಳಿದಿರುವವಳು ನಾನೊಬ್ಬಳೇ.