ಚೆನ್ನಯಣ್ಣನ ಗಂಟಲು

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಎನ್ನುವ ಕೈಗಾರಿಕಾ ಪ್ರದೇಶದಲ್ಲಿ ಬಣ್ಣದ ಪುಡಿ ತಯಾರಿಸುವ ಒಂದು ಕಾರ್ಖಾನೆ ಇದೆ. ಅದಕ್ಕೊಂದು ಕಬಡ್ಡಿ ತಂಡವೂ ಇದೆ. ಆಟಗಾರರಿಗೆ ಕಾರ್ಖಾನೆಯಲ್ಲಿ ಹುದ್ದೆ, ಸಂಬಳ ಎಲ್ಲ ಉಂಟು. ಕೆಲಸ ಮಾತ್ರ ಕಬಡ್ಡಿ. ನಾನು ಆ ತಂಡದ ಮ್ಯಾನೇಜರ್. ಮ್ಯಾನೇಜರ್ ಎಂದರೆ ಐಸ್ ತರುವವನು, ಮೊಣಕಾಲಿನ ಪಟ್ಟಿ ಕಳೆದುಹೋದರೆ ಬೈಸಿಕೊಳ್ಳುವವನು, ಸೋತು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡದಿದ್ದರೆ ವಡಾಪಾವ್ ಹಂಚುವವನು. ಹೋದ ವರ್ಷ ಬಹಳ ವಡಾಪಾವ್ ಹಂಚಿದೆ. ಹದಿನಾಲ್ಕು ಪಂದ್ಯಗಳಲ್ಲಿ ಎರಡು ಗೆದ್ದೆವು.

ಚೆನ್ನಯಣ್ಣ ನಮ್ಮ ಕೋಚ್. ಕಾರ್ಕಳದ ಕಡೆಯವರು. ಮೀಸೆ ಮೂಡುವ ಮೊದಲೇ ಡೊಂಬಿವಲಿ ಸ್ಟೇಷನ್ ಎದುರಿನ ಹೋಟೆಲಿಗೆ ಬಂದು, ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಉಳಿದ ಹೊತ್ತಿನಲ್ಲಿ ಸಿಕ್ಕ ಅಂಗಳದಲ್ಲಿ ಕಬಡ್ಡಿ ಆಡಿದವರು. ಆಟ ನೋಡಿ ಕಾರ್ಖಾನೆ ಕೆಲಸ ಕೊಟ್ಟಿತು. ಕಾಲು ಸೋತ ಮೇಲೆ ಕೋಚ್ ಮಾಡಿತು. ನಿವೃತ್ತಿಯಾದ ಮೇಲೂ ಆ ಕೆಲಸದಲ್ಲಿ ಇಟ್ಟುಕೊಂಡಿತು. ನಾವಿಬ್ಬರೂ ಇರುವುದು ಒಂದೇ ಹೌಸಿಂಗ್ ಸೊಸೈಟಿಯಲ್ಲಿ. ಅವರು ಮೇಲೆ, ನಾನು ಕೆಳಗೆ. ಬೆಳಗಿನ ಜಾವ ಅವರು ಬೂಟು ಹಾಕಿಕೊಂಡು ನೆಲಕ್ಕೆ ಒದೆಯುವ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ಲೀಗ್ ಇಲ್ಲದ ತಿಂಗಳುಗಳಲ್ಲೂ ಹಾಗೆಯೇ ಬೂಟು ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತಿರುತ್ತಾರಂತೆ. ಅವರ ಹೆಂಡತಿ ಪ್ರಫುಲ್ಲಕ್ಕ ಹೇಳಿದ್ದು. ಬೇರೇನು ಮಾಡಬೇಕೆಂದು ಆ ಮನುಷ್ಯನಿಗೆ ಗೊತ್ತಿಲ್ಲ.

ಚೆನ್ನಯಣ್ಣನ ದೊಡ್ಡ ಆಸ್ತಿ ಗಂಟಲು. ಆಟಗಾರ ಎದುರಾಳಿಯ ಅಂಕಣದೊಳಗೆ ರೇಡಿಗೆ ಹೋದಾಗ ಅವನಿಗೆ ಕಾಣುವುದು ಎದುರಿಗಿರುವವರ ಕೈಗಳು ಮಾತ್ರ. ಯಾವ ಮೂಲೆಯವನ ಗಮನ ತಪ್ಪಿದೆ, ಯಾರ ಉಸಿರು ಹೋಗಿದೆ ಎಂಬುದು ಹೊರಗೆ ಕೂತವನಿಗೆ ಕಾಣುತ್ತದೆ. ಚೆನ್ನಯಣ್ಣ ಅದನ್ನು ನೋಡಿ ಕೂಗುತ್ತಿದ್ದರು. ಕೂಗುತ್ತಿದ್ದುದು ಕನ್ನಡದಲ್ಲಿ. ಎಡಕ್ಕೆ, ಬಲಕ್ಕೆ, ಹಿಂದೆ ಬಾ, ಕಾಲು ಹಾಕು. ಠಾಣೆ ಜಿಲ್ಲೆಯ ಬಾಕಿ ಕೋಚುಗಳೆಲ್ಲ ಮರಾಠಿಯಲ್ಲಿ ಕೂಗುತ್ತಾರೆ, ಅದು ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮದು ಯಾರಿಗೂ ಅರ್ಥವಾಗುವುದಿಲ್ಲ ಎಂಬ ಹೆಮ್ಮೆ ಅವರಿಗಿತ್ತು. ಅದರ ಬಲದಿಂದ ಮೂರು ವರ್ಷ ಸಾಲಾಗಿ ಸೆಮಿಫೈನಲ್ ಆಡಿದ್ದೇವೆ.

ಆ ಕನ್ನಡ ಅರ್ಥವಾಗುವ ರೇಡರ್ ಬೇಕಲ್ಲ, ಅವನು ವಿಕಾಸ್. ತಂದೆ ತಾಯಿ ಕಲಬುರಗಿಯಿಂದ ಡೊಂಬಿವಲಿ ಪಕ್ಕದ ಕಲ್ಯಾಣಕ್ಕೆ ಕಟ್ಟಡದ ಕೆಲಸಕ್ಕೆ ಬಂದವರು. ಇವನು ಇಲ್ಲೇ ಹುಟ್ಟಿದವನು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಸಿಮೆಂಟು ಚೀಲ ಹೊರುತ್ತಿದ್ದವನನ್ನು ಚೆನ್ನಯಣ್ಣ ಕಲ್ಯಾಣದ ಒಂದು ಕ್ರೀಡಾ ಮಂಡಳದ ಮೈದಾನದಲ್ಲಿ ನೋಡಿ ಕರೆತಂದರು. ಹತ್ತು ವರ್ಷ ಅವರು ಕೂಗಿದರು, ಅವನು ಓಡಿದ. ಈಗ ಅವನಿಗೆ ಮೂವತ್ತೊಂದು. ಕಬಡ್ಡಿಯಲ್ಲಿ ಅದು ಅಜ್ಜನ ವಯಸ್ಸು. ಒಂದು ತಂಡ ಬಿಟ್ಟರೆ ಇನ್ನೊಂದು ತಂಡ ಕೈ ಹಿಡಿಯುವುದಿಲ್ಲ; ವಾಪಸ್ ಚೀಲ ಹೊರಬೇಕು.

ಹೋದ ವರ್ಷ ಏನಾಯಿತೆಂದರೆ, ವಿಕಾಸ್ ಎಡಕ್ಕೆ ಹೋದರೆ ಆ ಮೂಲೆಯವನು ಬಾಯಿ ತೆರೆದು ಕಾಯುತ್ತಿದ್ದ. ಬಲಕ್ಕೆ ಹೋದರೆ ಈ ಮೂಲೆಯವನು. ಕಾಲು ಇಡುವ ಮೊದಲೇ ಕಾಲು ಹಿಡಿಯುತ್ತಿದ್ದರು. ಚೆನ್ನಯಣ್ಣ ಇನ್ನೂ ಜೋರಾಗಿ ಕೂಗಿದರು, ಅವನು ಇನ್ನೂ ಬೇಗ ಸಿಕ್ಕಿಬಿದ್ದ. ಗೆದ್ದ ಎರಡು ಪಂದ್ಯಗಳಲ್ಲಿ ಒಂದು ವಾಶಿಯಲ್ಲಿ ನಡೆದದ್ದು; ಪಕ್ಕದ ಸಭಾಂಗಣದಲ್ಲಿ ಮದುವೆಯ ಡಿಜೆ ಹಾಕಿ ಯಾರ ಮಾತೂ ಯಾರಿಗೂ ಕೇಳದಂತೆ ಮಾಡಿದ್ದರು. ಇನ್ನೊಂದು ಠಾಣೆಯದು, ಅಂದು ಚೆನ್ನಯಣ್ಣ ಗಂಟಲು ಕಟ್ಟಿ ಬಿಸಿನೀರು ಕುಡಿಯುತ್ತ ಕೂತಿದ್ದರು. ಎರಡೂ ಸಲ ಎಲ್ಲರೂ ಬಂದು ಕೋಚಿಂಗ್ ಚೆನ್ನಾಗಿತ್ತೆಂದು ಅವರ ಕೈ ಕುಲುಕಿದರು. ನಾನೂ ಕುಲುಕಿದೆ.

ಲೀಗ್ ಮುಗಿದ ಮೇಲೆ ನಮ್ಮ ಮಾಲೀಕ ಗಾಯಕರ್ ಸಾಹೇಬರು ಶನಿವಾರಕ್ಕೆ ಮೀಟಿಂಗ್ ಕರೆದರು. ವಿಷಯ ಮುಂದಿನ ವರ್ಷದ ತಂಡ. ಅವರ ತಂಗಿಯ ಮಗ ಸಮಿತ್ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿ, ರೇಡರ್ ಮುಗಿದಿದ್ದಾನೆ, ಹೊಸಬನನ್ನು ತರಬೇಕು ಎಂದು ಮೊದಲೇ ಹೇಳಿಯಾಗಿತ್ತು. ಕೋಚ್ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಮೀಟಿಂಗಿನಲ್ಲಿ ಚೆನ್ನಯಣ್ಣ ಹೂಂ ಎಂದರೆ ವಿಕಾಸನ ಪತ್ರ ಟೈಪಾಗುತ್ತದೆ, ಅಷ್ಟೇ ಬಾಕಿ.

ಅದರ ಹಿಂದಿನ ದಿನ ಲೀಗಿನ ಮ್ಯಾಟುಗಳನ್ನು ವಾಪಸ್ ಕೊಡಲು ನಾವಿಬ್ಬರೂ ಟೆಂಪೊದಲ್ಲಿ ಭಿವಂಡಿಯ ಒಂದು ಗೋದಾಮಿಗೆ ಹೋದೆವು. ಇಳಿಸಿಕೊಳ್ಳಲು ಬಂದವನು ಮಾಪಣ್ಣ. ಭಿವಂಡಿ ತಂಡಕ್ಕೆ ಆ ವರ್ಷವೇ ಸೇರಿದ ಮೂಲೆಯ ಆಟಗಾರ. ಮೊದಲ ಪಂದ್ಯದಲ್ಲಿ ವಿಕಾಸನನ್ನು ನಾಲ್ಕು ಸಲ ಹಿಡಿದವನು. ಅವನ ಹೆಸರು ಕೇಳಿಯೂ ಅವನು ಯಾವ ಊರಿನವನೆಂದು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ. ಅಷ್ಟು ಬುದ್ಧಿವಂತರು ನಾವು. ಅವನು ಮ್ಯಾಟು ಕೆಳಗಿಟ್ಟು ಚೆನ್ನಯಣ್ಣನ ಕಾಲು ಮುಟ್ಟಿದ.

"ನಿಮ್ಮ ದನಿ ಭಾಳ ಛಲೋ ಐತ್ರಿ ಸರ್. ನಮ್ಮ ವಿಜಾಪುರದಾಗ ಕೂತಂಗ ಅನಸ್ತಿತ್ತು. ನೀವು ಎಡಕ್ಕ ಅಂದ್ರ ನಾವೂ ಆ ಕಡೇನ ಸರೀತಿದ್ವಿ. ನಿಮ್ಮ ಎಡ ನಮ್ಮ ಬಲ ಆಗ್ತದಲ್ರಿ, ನಮ್ಮ ಹುಡುಗರಿಗೆ ಅದನ್ನ ತಿಳಿಸೂದ್ರಾಗ ಸಾಕಾತು."

ಬೇರೆ ತಂಡದವರಿಗೂ ಇದು ಗೊತ್ತೇ ಎಂದು ನಾನು ಕೇಳಿದೆ. ಅವನು ಸಂಕೋಚವಿಲ್ಲದೆ ಹೇಳಿದ. ಸಾನಪಾಡಾ ತಂಡದವರು ಲೋಕಲ್ ಟ್ರೇನಿನಲ್ಲಿ ಸಿಕ್ಕಿ ಕೇಳಿದರಂತೆ, ಹೇಳಿಕೊಟ್ಟನಂತೆ. ಸಾನಪಾಡಾದವರು ಉಳಿದವರಿಗೆ ಹೇಳಿದರಂತೆ. ಅವನ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ನಮಗೂ ಇದೆಲ್ಲ ಗೊತ್ತಿದೆ ಎಂದೇ ತಿಳಿದಿದ್ದ. ಚೆನ್ನಯಣ್ಣ ಅವನ ಬೆನ್ನು ತಟ್ಟಿ, ಚೆನ್ನಾಗಿ ಆಡ್ತೀರಿ, ಮೊಣಕಾಲು ಜಾಗ್ರತೆ ಎಂದರು.

ಮನೆ ತಲುಪಿದ ಮೇಲೆ ನಾನು ನನಗೆ ತೋಚಿದ್ದನ್ನು ಹೇಳಿದೆ. ನಮ್ಮ ಕಡೆ ಈ ವಿಷಯ ನಮ್ಮಿಬ್ಬರಿಗೆ ಮಾತ್ರ ಗೊತ್ತು, ಎದುರು ತಂಡದವರು ಬಂದು ಸಾಹೇಬರಿಗೆ ಹೇಳುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ನಷ್ಟವಾಗುವವರ ಪಟ್ಟಿಯಲ್ಲಿ ವಿಕಾಸನನ್ನು ಸೇರಿಸಲು ನನಗೆ ಮರೆತಿತ್ತು. ಚೆನ್ನಯಣ್ಣ ಅದನ್ನು ನೆನಪಿಸಿದರು. ಮುಂದಿನ ವರ್ಷ ತುಳುವಿನಲ್ಲಿ ಕೂಗಬಹುದಲ್ಲ ಎಂದೆ. ಪ್ರಫುಲ್ಲಕ್ಕ ಚಹಾ ತಂದಿಡುತ್ತ, ವಿಕಾಸನಿಗೆ ತುಳು ಬರುವುದಿಲ್ಲ, ಬರುವವರೆಲ್ಲ ಎದುರು ತಂಡದ ಕ್ಯಾಂಟೀನಿನಲ್ಲಿದ್ದಾರೆ ಎಂದರು. ನಮ್ಮ ಮನೆಗಳಲ್ಲಿ ನಡೆಯುವ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರಫುಲ್ಲಕ್ಕ ಕೋಣೆಯೊಳಗೆ ಹೋದ ಮೇಲೆ ಚೆನ್ನಯಣ್ಣ ಮೆತ್ತಗೆ ಹೇಳಿದರು, "ಈ ಕೆಲಸ ಹೋದರೆ ಬೆಳಗ್ಗೆ ಎದ್ದು ನಾನು ಎಲ್ಲಿಗೆ ಹೋಗುವುದು ಮಾರಾಯ?" ನಾನು ಚಹಾ ಕುಡಿದು ಕೆಳಗಿಳಿದೆ.

ಶನಿವಾರ ಕಾರ್ಖಾನೆಯ ಮೀಟಿಂಗ್ ರೂಮಿನಲ್ಲಿ ಗಾಯಕರ್ ಸಾಹೇಬರು, ಸಮಿತ್, ತಂಡದ ಕಮಿಟಿಯ ಇನ್ನಿಬ್ಬರು, ಚೆನ್ನಯಣ್ಣ, ನಾನು. ಪತ್ರ ತೆಗೆದುಕೊಳ್ಳಲು ವಿಕಾಸ್ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳ್ಳೆಯ ಶರ್ಟು ಹಾಕಿಕೊಂಡು ಬಂದಿದ್ದ. ಸಮಿತ್ ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳನ್ನು ಮೂಡಿಸಿ ವಿಕಾಸನ ಕಾಲು ನಿಧಾನವಾಗಿದೆ ಎಂದು ವಿವರಿಸಿದ. ಚೆನ್ನಯಣ್ಣ ಎದ್ದು ನಿಂತು, ಕಾಲು ನಿಧಾನವಾಗಿಲ್ಲ, ನಾನು ಕೂಗಿದ್ದು ಎದುರಿನವರಿಗೆ ತಿಳಿಯುತ್ತಿತ್ತು, ತಪ್ಪು ನನ್ನದು ಎಂದು ಮರಾಠಿಯಲ್ಲಿ ಹೇಳಿ ಕೂತರು.

ಯಾರೂ ನಂಬಲಿಲ್ಲ. ಗಾಯಕರ್ ಸಾಹೇಬರ ಕಣ್ಣು ಒದ್ದೆಯಾಯಿತು. ಶಿಷ್ಯನಿಗಾಗಿ ಗುರು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾನೆ, ಇಂಥ ಕೋಚ್ ಸಿಕ್ಕಿದ್ದು ನಮ್ಮ ಪುಣ್ಯ ಎಂದರು. ಆದರೆ ಈ ಊರಿನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ, ನೀವೇ ಹೇಳಿ ಎಂದು ನಕ್ಕರು. ಕಮಿಟಿಯವರೂ ನಕ್ಕರು. ಸಮಿತ್ ಮುಂದಿನ ಚಿತ್ರ ಹಾಕಲು ಹೊರಟ.

ಚೆನ್ನಯಣ್ಣ ಮತ್ತೆ ಎದ್ದರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಎಡಕ್ಕೆ" ಎಂದು ಮೈದಾನದಲ್ಲಿ ಕೂಗುವಂತೆ ಕೂಗಿದರು.

ಕಮಿಟಿ ಎಡಕ್ಕೆ ತಿರುಗಿತು. ಗಾಯಕರ್ ಸಾಹೇಬರು ತಿರುಗಿದರು, ಸಮಿತ್ ತಿರುಗಿದ, ಇನ್ನಿಬ್ಬರೂ ತಿರುಗಿದರು. ಅಲ್ಲಿ ನೀರಿನ ಕೂಲರ್ ಬಿಟ್ಟರೆ ಏನೂ ಇರಲಿಲ್ಲ. ವರ್ಷಗಟ್ಟಲೆ ನಮ್ಮ ಬೆಂಚಿನ ಹಿಂದಿನ ಕುರ್ಚಿಗಳಲ್ಲಿ ಕೂತು ಆಟ ನೋಡಿದವರು ಅವರು. ನಾನೂ ತಿರುಗಿದೆ, ನನ್ನದು ಲೆಕ್ಕಕ್ಕಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ಕೂಲರನ್ನೇ ನೋಡುತ್ತ ಕೂತೆವು.

ವಿಕಾಸನನ್ನು ಒಳಗೆ ಕರೆಸಿದರು. ಎದುರಿನವರಿಗೆ ಸರ್ ಹೇಳಿದ್ದು ತಿಳಿಯುತ್ತಿತ್ತು ಎಂಬುದು ನಿನಗೆ ಗೊತ್ತಿತ್ತೇ ಎಂದು ಸಾಹೇಬರು ಕೇಳಿದರು. ಭಿವಂಡಿಯ ಪಂದ್ಯದಲ್ಲೇ ಗೊತ್ತಾಯಿತು ಎಂದ. ಮೊದಲ ಪಂದ್ಯ ಅದು. ಹಾಗಾದರೆ ಹಿಡಿಯುತ್ತಾರೆಂದು ಗೊತ್ತಿದ್ದೂ ಆ ಕಡೆಗೇ ಯಾಕೆ ಹೋದೆ ಎಂದು ಕೇಳಿದರು. ಸರ್ ಹೇಳಿದರು, ಅದಕ್ಕೆ ಹೋದೆ ಎಂದ. ಇಷ್ಟು ಸಣ್ಣ ಪ್ರಶ್ನೆ ಕೇಳಲು ಕರೆಸಿದ್ದು ಯಾಕೆ ಎಂಬಂತೆ ನಿಂತಿದ್ದ. ಚೆನ್ನಯಣ್ಣ ಅವನನ್ನೇ ನೋಡುತ್ತಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ಒಂದು ಇಡೀ ವರ್ಷ, ಅದೂ ಕೊನೆಕೊನೆಯ ವರ್ಷಗಳಲ್ಲಿ ಒಂದನ್ನು, ಈ ಮನುಷ್ಯ ಕೋಚಿನ ಮಾತು ಮೀರಬಾರದೆಂದು ಕಳೆದುಬಿಟ್ಟಿದ್ದ. ನನಗೆ ಅವನ ಮೇಲೆ ಸಿಟ್ಟು ಬಂತು.

ಸಮಿತ್ ಒಳ್ಳೆಯ ಹುಡುಗ, ತಪ್ಪಾದದ್ದನ್ನು ಒಪ್ಪಿಕೊಂಡ. ಅವನೇ ದಾರಿಯನ್ನೂ ಸೂಚಿಸಿದ: ವಿಕಾಸ್ ಇರಲಿ, ಸರ್ ಕೂಡ ಇರಲಿ, ಪಂದ್ಯದ ಹೊತ್ತಿನಲ್ಲಿ ಸರ್ ಬಾಯಿ ಮುಚ್ಚಿ ಕೂತರಾಯಿತು. ಎಲ್ಲರಿಗೂ ಹಿಡಿಸಿತು. ಸಾಹೇಬರು ಚಹಾಕ್ಕೆ ಹೇಳಿದರು. ನಾನು ನನ್ನ ಕುರ್ಚಿಗೆ ಒರಗಿ ಕೂತೆ.

ಆಗ ವಿಕಾಸ್, ಯಾರೂ ಕೇಳದೆಯೇ, ಚೆನ್ನಯಣ್ಣನ ಕಡೆ ತಿರುಗಿ ಮಾತಾಡಿದ. ಹತ್ತು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು.

"ಬ್ಯಾಡ್ರಿ ಸರ್. ನೀವು ಸುಮ್ಮ ಕುಂತ್ರೂ ನಾ ನಿಮ್ಮ ಮಾರೀನ ನೋಡ್ತೀನಿ. ನೀವು ಅಲ್ಲಿ ಇದ್ರ ನನಗ ನನ್ನ ಆಟ ಆಡಾಕ ಆಗಂಗಿಲ್ಲ."

ಎಡ ಬಲ ಬಿಟ್ಟರೆ ಕಮಿಟಿಗೆ ಬೇರೆ ಕನ್ನಡ ಬರುತ್ತಿರಲಿಲ್ಲ. ಇವನು ಏನು ಹೇಳಿದ ಎಂದು ಸಾಹೇಬರು ನನ್ನನ್ನು ಕೇಳಿದರು. ಏನಾದರೂ ಬೇರೆ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಚೆನ್ನಯಣ್ಣನೇ ಅದನ್ನು ಮರಾಠಿಗೆ ತಿರುಗಿಸಿ ಹೇಳಿದರು. ಒಂದು ಮಾತೂ ಬಿಡಲಿಲ್ಲ, ಒಂದು ಮಾತೂ ಸೇರಿಸಲಿಲ್ಲ. ಕೊನೆಗೆ, ಅವನು ಹೇಳುವುದು ಸರಿ ಎಂದು ತಮ್ಮ ಕಡೆಯಿಂದ ಸೇರಿಸಿ ಕೂತರು. ಚಹಾ ಬಂತು. ಎಲ್ಲರೂ ಕುಡಿದರು.

ಮೆಟ್ಟಿಲ ಹತ್ತಿರ ವಿಕಾಸ್ ಅವರ ಕಾಲಿಗೆ ಬಿದ್ದು ಏಳಲೇ ಇಲ್ಲ. ಚೆನ್ನಯಣ್ಣ ರಟ್ಟೆ ಹಿಡಿದು ಎತ್ತಿದರು. "ಇನ್ನು ನಾನು ಹೇಳಿದ್ದು ಕೇಳ್ಬೇಡ, ಗೊತ್ತಾಯ್ತಾ?" ಎಂದರು. ವಿಕಾಸ್ ಎಂದಿನಂತೆ ಹಿಂದಿಯಲ್ಲಿ ಜೀ ಸರ್ ಎಂದ.

ಈ ವರ್ಷ ಪುಣೆಯಿಂದ ಹೊಸ ಕೋಚ್ ಬಂದಿದ್ದಾರೆ. ಅವರು ಕೂಗುವುದಿಲ್ಲ, ಬರೆದುಕೊಳ್ಳುತ್ತಾರೆ. ಚೆನ್ನಯಣ್ಣ ಎರಡು ತಿಂಗಳು ಮೈದಾನದ ಕಡೆ ಬರಲಿಲ್ಲ. ಬೆಳಗಿನ ಜಾವ ಮೇಲಿನಿಂದ ಬೂಟಿನ ಸದ್ದು ಬರುತ್ತಿತ್ತು, ಆಮೇಲೆ ಬಾಗಿಲು ತೆರೆದ ಸದ್ದು ಬರುತ್ತಿರಲಿಲ್ಲ. ಅದನ್ನು ಕೇಳುತ್ತ ಮಲಗಿರುವುದು ಕಷ್ಟವಾಗಿತ್ತು. ಸಾನಪಾಡಾದವರ ಜೊತೆಗಿನ ಪಂದ್ಯಕ್ಕೆ ನಾನೇ ಎಳೆದುಕೊಂಡು ಹೋದೆ. ಪ್ರೇಕ್ಷಕರ ನಡುವೆ ಕೂರಿಸಿ, ಮೊದಲರ್ಧ ಮುಗಿದ ಮೇಲೆ ಐಸ್ ಕೆಲಸವನ್ನು ಬೇರೆಯವರಿಗೆ ವಹಿಸಿ ಅವರ ಪಕ್ಕ ಬಂದು ಕೂತೆ. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದರು.

ಕೊನೆಯ ಎರಡು ನಿಮಿಷ, ಅಂಕ ಸಮ. ವಿಕಾಸ್ ಒಳಗೆ ಹೋದ. ಚೆನ್ನಯಣ್ಣ ಎದ್ದದ್ದು ಅವರಿಗೇ ತಿಳಿಯಲಿಲ್ಲ ಎಂದು ಕಾಣುತ್ತದೆ. "ಎಡಕ್ಕೆ" ಎಂಬ ಕೂಗು ಒಳಾಂಗಣದ ತಗಡಿನ ಮಾಡಿಗೆ ಬಡಿಯಿತು. ಸಾನಪಾಡಾದವರು ಹಳೆಯ ಅಭ್ಯಾಸದಿಂದ ಆ ಕಡೆ ಸರಿದರು. ವಿಕಾಸನ ತಲೆ ಒಂದು ಕ್ಷಣ ದನಿ ಬಂದ ಕಡೆ ತಿರುಗಿತು. ಆಮೇಲೆ ಅವನು ಬಲಕ್ಕೆ ಹೋದ, ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದ.

ಹಿಂದೆ ಕೂತಿದ್ದ ಯಾರೋ, ಒಳ್ಳೆಯ ಉಪಾಯ ಕಾಕಾ ಎಂದು ಅವರ ಭುಜ ತಟ್ಟಿದರು. ಚೆನ್ನಯಣ್ಣ ಕೂತರು. ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಕಣ್ಣೀರು ನಿಲ್ಲಲಿಲ್ಲ.

"ನಾನು ಎಡಕ್ಕೇ ಹೇಳಿದ್ದು" ಎಂದರು. "ಕೇಳ್ಲಿಲ್ಲ ನೋಡು ಅವ."