ಸಂಡಿಗೆಗೊಂದು ತಪ್ಪೊಪ್ಪಿಗೆ

ಬೆರ್ರಿಯೆಸಾದಲ್ಲಿ ನಾವು ಕೊಂಡ ಟೌನ್‌ಹೌಸು ನಮ್ಮದೇ. ಆದರೆ ಅದರ ಗ್ಯಾರೇಜ್ ಬಾಗಿಲಿಗೆ ಯಾವ ಬಣ್ಣ, ಕಿಟಕಿಯ ಪರದೆ ಹೊರಗಿನಿಂದ ಹೇಗೆ ಕಾಣಬೇಕು, ಬಾಲ್ಕನಿಯಲ್ಲಿ ಎಷ್ಟು ಕುರ್ಚಿ ಇರಬಹುದು ಎಂದು ತೀರ್ಮಾನಿಸುವುದು ಕಾಲೊನಿಯ ಅಸೋಸಿಯೇಶನ್ನು. ಅದರ ಅಧ್ಯಕ್ಷರು ಒಬ್ಬ ನಿವೃತ್ತ ಸಾಹೇಬರು. ಬಾಗಿಲ ಮುಂದೆ ದೊಡ್ಡ ಅಮೆರಿಕನ್ ಬಾವುಟ ಕಟ್ಟಿಕೊಂಡು, ಸಿಕ್ಕಸಿಕ್ಕವರಿಗೆಲ್ಲ ಈ ದೇಶದ ಸ್ವಾತಂತ್ರ್ಯ ಎಂಥದ್ದು ಎಂದು ವಿವರಿಸುತ್ತಿದ್ದರು. ವಿವರಿಸುತ್ತಲೇ ಅಳತೆ ಟೇಪು ತೆಗೆದು ನಮ್ಮ ಹೂಕುಂಡದ ಎತ್ತರ ಅಳೆಯುತ್ತಿದ್ದರು.

ಒಂದು ಮೇ ತಿಂಗಳಲ್ಲಿ ಅಸೋಸಿಯೇಶನ್ನಿನಿಂದ ನಮಗೆ ನೋಟಿಸು ಬಂತು. ಜೊತೆಗೆ ಮಸಕಾದ ಒಂದು ಫೋಟೊ. ನಮ್ಮ ಬಾಲ್ಕನಿ, ಅದರಲ್ಲಿ ಹಾಸಿದ ಬಿಳಿ ಪಂಚೆ, ಪಂಚೆಯ ಮೇಲೆ ಸಾಲಾಗಿ ನಮ್ಮತ್ತೆಯ ಅಕ್ಕಿ ಸಂಡಿಗೆ. ಕೆಳಗೆ 'ಗುರುತು ಸಿಗದ ವಸ್ತುಗಳು' ಎಂದು ಬರೆದಿತ್ತು. ವಾರದೊಳಗೆ ವಿಚಾರಣೆಗೆ ಹಾಜರಾಗಬೇಕು, ತಪ್ಪು ಸಾಬೀತಾದರೆ ಬಾಲ್ಕನಿಯಲ್ಲಿ ಇನ್ನು ಮುಂದೆ ಏನನ್ನೂ ಹರಡುವಂತಿಲ್ಲ.

ನಮ್ಮತ್ತೆ ಧಾರವಾಡದವರು. ನಮ್ಮ ಜೊತೆ ಇರಲು ಬಂದು ಎರಡು ವರ್ಷವಾಗಿತ್ತು. ಮೊದಲ ಚಳಿಗಾಲವೆಲ್ಲ ಸೋಫಾದ ಒಂದು ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದ ಹೆಂಗಸು ಬೇಸಿಗೆಯ ಬಿಸಿಲು ಕಂಡದ್ದೇ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಅಕ್ಕಿ ಸಂಡಿಗೆ, ಸಾಬೂದಾಣಿ ಸಂಡಿಗೆ, ಬಾಳಕದ ಮೆಣಸಿನಕಾಯಿ. ನೂರು ಮಂದಿಗಾಗುವಷ್ಟು ಮಾಡಿ ಯೂನಿಯನ್ ಸಿಟಿಯಿಂದ ಲಾಸ್ ಆಲ್ಟೋಸ್‌ವರೆಗೆ ಗೊತ್ತಿದ್ದ ಮನೆಗಳಿಗೆಲ್ಲ ಹಂಚುತ್ತಿದ್ದರು. ಅಲ್ಲಿಂದ ಹೊಗಳಿಕೆಯ ಫೋನು ಬಂದ ದಿನ ಅವರ ಮುಖ ನೋಡಬೇಕಿತ್ತು.

ನೋಟಿಸನ್ನು ಓದಿ ಹೇಳಿದೆ. ಅವರು ಕೈಯಲ್ಲಿದ್ದ ಹಿಟ್ಟಿನ ಸೌಟನ್ನು ಕೆಳಗಿಟ್ಟರು.

"ಬಿಸಲಿಗೂ ಪರ್ಮಿಷನ್ ಕೇಳೋ ಊರಾಗ ನಾ ಇರಂಗಿಲ್ಲವಾ. ನನ್ನ ಟಿಕೀಟ ತಗಸಂತ ಅವಗ ಹೇಳು."

ಅವಗ ಎಂದರೆ ನನ್ನ ಗಂಡನಿಗೆ. ಅವನು ಆಫೀಸಿನ ಮೀಟಿಂಗಿನಲ್ಲಿದ್ದ, ಯಾವಾಗಲೂ ಇರುವಂತೆ. ಅತ್ತೆ ಬರೀ ಬಾಯಿಮಾತಿಗೆ ಹೇಳುವವರಲ್ಲ. ಆ ಸಂಜೆಯೇ ಸೂಟ್‌ಕೇಸು ಮಂಚದ ಮೇಲೆ ಬಂತು. ಮೈಸೂರಿನ ನನಗೂ ಧಾರವಾಡದ ಅವರಿಗೂ ಸಾರಿನ ಬೆಲ್ಲದಿಂದ ಹಿಡಿದು ಎಲ್ಲದರಲ್ಲೂ ಜಗಳ. ಆದರೂ ಆ ಹೆಂಗಸು ಇಲ್ಲದ ಮನೆಗೆ ಆಫೀಸು ಮುಗಿಸಿ ಬರುವುದನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ. ನನ್ನ ಸ್ವಂತ ಅಮ್ಮನ ಜೊತೆಗೂ ನಾನು ಅಷ್ಟು ನಕ್ಕಿರಲಿಲ್ಲ.

ನೇರವಾಗಿ ಪಕ್ಕದ ಮನೆಗೆ ಹೋದೆ. ಅಲ್ಲಿದ್ದವರು ಎಂಬತ್ತರ ಹತ್ತಿರದ ಒಬ್ಬ ಚೀನೀ ಆಂಟಿ. ಚಿಕ್ಕ ವಯಸ್ಸಿನಲ್ಲಿ ತಮ್ಮೂರಿನ ಒಂದು ಓಣಿಗೆ ಸರ್ಕಾರದ ಕಡೆಯ ನಿವಾಸಿ ಸಮಿತಿಯಲ್ಲಿದ್ದವರು. ತೋಳಿಗೆ ಕೆಂಪು ಪಟ್ಟಿ, ಕೈಯಲ್ಲಿ ರಿಜಿಸ್ಟರು. ಯಾರ ಮನೆಗೆ ಯಾವ ನೆಂಟರು ಬಂದು ಉಳಿದರು, ಬಟ್ಟೆಯ ಕೂಪನ್ನು ಯಾರಿಗೆ ಸಿಗಬೇಕು, ಗಂಡಹೆಂಡಿರ ಜಗಳ ಯಾಕೆ, ಎಲ್ಲ ಅವರ ಸುಪರ್ದಿ. ಅವರ ಇಂಗ್ಲಿಷು ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲೇ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ನಮ್ಮತ್ತೆಗೆ ಆ ಇಂಗ್ಲಿಷೂ ಇಲ್ಲ. ಆದರೂ ಇಬ್ಬರೂ ಬಾಲ್ಕನಿಯಿಂದ ಬಾಲ್ಕನಿಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಒಬ್ಬರು ಕನ್ನಡದಲ್ಲಿ, ಒಬ್ಬರು ಚೀನಿಯಲ್ಲಿ. ಅತ್ತೆ ಸಂಡಿಗೆ ಒಣಗಿಸಿದರೆ ಆಂಟಿ ಕಿತ್ತಳೆ ಸಿಪ್ಪೆ ಪೋಣಿಸಿ ತಮ್ಮ ಮಹಡಿಯ ಕಿಟಕಿಗೆ ತೂಗುಹಾಕುತ್ತಿದ್ದರು.

ಲಾಯರನ್ನು ನೋಡಲೇ ಎಂದು ಕೇಳಿದೆ. ಆಂಟಿ ನಕ್ಕುಬಿಟ್ಟರು.

"ಲಾಯರ್ ಬೇಡ. ಲಾಯರ್ ಬಂದರೆ ಅವರಿಗೆ ಸಿಟ್ಟು ಬರುತ್ತೆ. ತಪ್ಪೊಪ್ಪಿಗೆ ಬರಿ."

"ಆಂಟಿ, ನಾನು ತಪ್ಪೇ ಮಾಡಿಲ್ಲವಲ್ಲ?"

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದರು.

ಆಮೇಲೆ ನನಗೆ ಪಾಠವಾಯಿತು. ಅವರ ಓಣಿಯಲ್ಲಿ ಕಾನೂನು ಎರಡಿತ್ತಂತೆ, ಗೋಡೆಗೆ ಅಂಟಿಸಿದ್ದು ಒಂದು, ಅಂಟಿಸಿದವನ ಮನಸ್ಸಿನಲ್ಲಿದ್ದದ್ದು ಇನ್ನೊಂದು. ಎರಡನೆಯದಕ್ಕೆ ವಾದ ನಡೆಯುವುದಿಲ್ಲ, ಆತ್ಮವಿಮರ್ಶೆ ನಡೆಯುತ್ತದೆ. ಅದಕ್ಕೊಂದು ಕ್ರಮವಿದೆ. ಮೊದಲು ತಪ್ಪನ್ನು ಹೇಳಬೇಕು. ಬಳಿಕ ಅದರ ಬೇರು ಎಲ್ಲಿದೆ ಎಂದು ಅಗೆದು ತೋರಿಸಬೇಕು, ಬೇರು ಆದಷ್ಟು ಹಳೆಯ ಕಾಲದ್ದಿರಬೇಕು. ತಿದ್ದಿದ ಸಮಿತಿಗೆ ಕೃತಜ್ಞತೆ. ಕೊನೆಗೆ, ಇದು ಮುಖ್ಯ, ಮಾರ್ಗದರ್ಶನ ಕೇಳಬೇಕು. ಇಂಥ ಎಷ್ಟೋ ಕಾಗದಗಳನ್ನು ಅವರು ಓದಿದ್ದರು, ಮೂರ್ನಾಲ್ಕು ಬರೆದೂ ಇದ್ದರು. ಬೇರು ಸಾಕಷ್ಟು ಆಳಕ್ಕೆ ಹೋಗಿಲ್ಲವೆಂದು ನನ್ನದನ್ನು ಎರಡು ಸಲ ವಾಪಸು ಕೊಟ್ಟರು. ಆಫೀಸಿನಲ್ಲಿ ನನ್ನ ಮ್ಯಾನೇಜರ್ ಕೂಡ ಅಷ್ಟು ತಿದ್ದಿಸಿದವನಲ್ಲ.

ವಿಚಾರಣೆ ಕ್ಲಬ್‌ಹೌಸಿನಲ್ಲಿ ನಡೆಯಿತು. ಅಧ್ಯಕ್ಷರ ಜೊತೆ ಸಮಿತಿಯ ಇನ್ನೂ ನಾಲ್ಕು ಜನ, ಎಲ್ಲರೂ ಜಗಳಕ್ಕೆ ಮುಖ ಸಿದ್ಧಮಾಡಿಕೊಂಡು ಕೂತಿದ್ದರು. ನಾನು ಎದ್ದು ನಿಂತು ಓದಿದೆ. ನನ್ನ ತಪ್ಪು ಗಂಭೀರವಾದದ್ದು. ಅದರ ಬೇರು ನಮ್ಮ ಕುಟುಂಬದ ತಲೆತಲಾಂತರದ ಹಳೆಯ ಯೋಚನೆಯಲ್ಲಿದೆ, ಬಿಸಿಲು ಎಲ್ಲರಿಗೂ ಸೇರಿದ್ದು ಎಂದು ನಮ್ಮ ಹಿರಿಯರು ತಪ್ಪಾಗಿ ತಿಳಿದಿದ್ದರು. ಸಮಿತಿಯು ಸಕಾಲಕ್ಕೆ ನನ್ನನ್ನು ಎಚ್ಚರಿಸದಿದ್ದರೆ ನಾನು ಇನ್ನೂ ಎಲ್ಲಿಗೆ ಹೋಗಿ ಮುಟ್ಟುತ್ತಿದ್ದೆನೋ. ಬಾಲ್ಕನಿಯಲ್ಲಿ ಏನಿಡಬಹುದೆಂದು ದಯವಿಟ್ಟು ಕಲಿಸಿಕೊಡಬೇಕು.

ಓದಿ ಮುಗಿಸಿದಾಗ ಸಮಿತಿಯವರು ಪುಟ ತಿರುವಿಹಾಕತೊಡಗಿದರು. ಅದುವರೆಗೆ ಅಲ್ಲಿಗೆ ಬಂದವರೆಲ್ಲ ಇಲ್ಲ ಎನ್ನುವವರೇ, ಹೌದು ಎಂದವರನ್ನು ಏನು ಮಾಡಬೇಕೆಂದು ಅವರ ತೊಂಬತ್ತು ಪುಟದ ನಿಯಮಪುಸ್ತಕದಲ್ಲಿ ಇರಲಿಲ್ಲ. ಸಮಿತಿಯ ಒಬ್ಬಾಕೆ ಕಣ್ಣೊರೆಸಿಕೊಂಡಳು. ಅಧ್ಯಕ್ಷರು ಮಾತ್ರ ಅರಳಿಹೋದರು. ಕಲಿಸಿ ಎಂದು ಅವರನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಪುಸ್ತಕ ತೆಗೆದು ಗಟ್ಟಿಯಾಗಿ ಓದಿದರು: ಎರಡು ಕುರ್ಚಿ, ಒಂದು ಮೇಜು, ಜೀವಂತ ಗಿಡ, ಮತ್ತು ಮೂವತ್ತು ದಿನ ಮೀರದಂತೆ ಹಬ್ಬಹರಿದಿನದ ಅಲಂಕಾರ.

"ಅಲಂಕಾರ ಹೇಗಿರಬೇಕು ಸರ್?" ಎಂದು ವಿನಯದಿಂದ ಕೇಳಿದೆ.

"ಅದು ನಿಮ್ಮ ಸ್ವಾತಂತ್ರ್ಯ," ಎಂದು ಅವರು ಎದೆಯುಬ್ಬಿಸಿದರು. ಅದನ್ನು ನಡಾವಳಿಯಲ್ಲಿ ಬರೆಸಿಕೊಂಡೆ. ಸದಸ್ಯೆ ತಪ್ಪನ್ನು ತಿದ್ದಿಕೊಂಡಿದ್ದಾಳೆ, ಕಡತ ಮುಚ್ಚಲಾಗಿದೆ ಎಂದು ಎಲ್ಲರೂ ಸಹಿ ಹಾಕಿದರು.

ನಾನು ಗೆದ್ದು ಹಾರಾಡುತ್ತ ಬರಬೇಕಿತ್ತು. ಆದರೆ ಸಹಿ ಹಾಕುವಾಗ ಕಡತದಲ್ಲಿದ್ದ ಮೂಲ ಫೋಟೊ ಕಣ್ಣಿಗೆ ಬಿತ್ತು. ನಮಗೆ ಕಳಿಸಿದ್ದು ಮಸಕು ಪ್ರತಿ, ಇದು ಬಣ್ಣದ್ದು. ಮಹಡಿಯ ಮೇಲಿಂದ ತೆಗೆದದ್ದು. ಒಂದು ಮೂಲೆಯಲ್ಲಿ, ಕ್ಯಾಮೆರಾದ ತೀರ ಹತ್ತಿರ, ಪೋಣಿಸಿದ ಕಿತ್ತಳೆ ಸಿಪ್ಪೆ ನೇತಾಡುತ್ತಿತ್ತು.

ಕೆಂಡದಂಥ ಸಿಟ್ಟು ಬಂತು. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರು ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದು ಕಪಾಟಿಗಿಡುತ್ತ ತಣ್ಣಗೆ ಹೇಳಿದರು:

"ಮೊದಲನೇ ದಿನಾನ ಗೊತ್ತಿತ್ತು ನನಗ, ಅಕಿನ ಅಂತ. ಫೋಟೊ ಹೊಡಿಯೋದು ನೋಡೇನಿ. ಸೆರಗು ಸರಿ ಮಾಡ್ಕೊಂಡು ನಿಂತಿದ್ದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ ಅತ್ತೆ?"

"ನನ್ನ ಸಿಟ್ಟು ಆ ಟೇಪಿನವನ ಮ್ಯಾಲ, ಅಕಿ ಮ್ಯಾಲಲ್ಲ. ಅಕಿ ಏನರೆ ಮಾಡಿದ್ರ ಅದಕ್ಕೊಂದು ಕಾರಣ ಇರ್ತದ. ಹೋಗಿ ಕೇಳು."

ಹೋಗಿ ಕೇಳಿದೆ. ಆಂಟಿ ನನ್ನನ್ನು ಕೂರಿಸಿ ಬಿಸಿನೀರು ಕೊಟ್ಟರು. ಒಂದು ಬೆಳಿಗ್ಗೆ ಅಧ್ಯಕ್ಷರು ಅವರ ಬಾಗಿಲಲ್ಲಿ ನಿಂತು, ಪಕ್ಕದ ಮನೆಯವರು ತಿಂಡಿ ತಯಾರಿಸಿ ಮಾರುತ್ತಿದ್ದಾರೆಯೇ, ಸಿಟಿಯ ಆರೋಗ್ಯ ಇಲಾಖೆಗೆ ಬರೆಯಬೇಕೆಂದಿದ್ದೇನೆ, ಎಂದು ಕೇಳಿದರಂತೆ. ಆಂಟಿ ನೋ ಇಂಗ್ಲಿಷ್ ಎಂದು ಬಾಗಿಲು ಹಾಕಿಕೊಂಡು, ನಿಘಂಟು ಇಟ್ಟುಕೊಂಡು ತೊಂಬತ್ತು ಪುಟ ಓದಿದರು. ನಾವು ಸಹಿ ಮಾತ್ರ ಹಾಕಿದ್ದ ಪುಸ್ತಕ ಅದು. ವಿಚಾರಣೆಯಾಗಿ ಮುಚ್ಚಿದ ಕಡತವನ್ನು ಅದೇ ವಿಷಯಕ್ಕೆ ಮತ್ತೆ ತೆರೆಯುವಂತಿಲ್ಲ, ಅಧ್ಯಕ್ಷರು ಅದನ್ನು ಹೊರಗೆ ಎಲ್ಲಿಗೂ ಒಯ್ಯುವಂತಿಲ್ಲ ಎಂಬ ಸಾಲು ಎಪ್ಪತ್ತನೆಯ ಪುಟದಲ್ಲಿ ಸಿಕ್ಕಿತು.

"ಅವನು ದೊಡ್ಡ ದೂರು ಕೊಡುವ ಮೊದಲು ನಾನು ಚಿಕ್ಕದು ಕೊಟ್ಟೆ," ಎಂದರು. "ನಮ್ಮ ಓಣಿಯಲ್ಲಿ ಸ್ನೇಹಿತರಿಗೆ ಹಾಗೇ ಮಾಡುತ್ತಿದ್ದೆ."

ಅತ್ತೆಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಅಪ್ಪ ಬೆತ್ತ ತರುವ ಮೊದಲು ಅಜ್ಜಿ ತಾನೇ ಎರಡೇಟು ಹಾಕಿ ಮಗುವನ್ನು ಸೆರಗಿನೊಳಗೆ ಎಳೆದುಕೊಳ್ಳುವುದನ್ನು ಧಾರವಾಡದ ಯಾವ ವಠಾರದವರು ನೋಡಿಲ್ಲ?

ನಾನು ನಗುತ್ತ, "ನಿಮ್ಮ ಓಣಿಯಲ್ಲೂ ಪ್ರತಿ ಸಲ ಹೀಗೇ ಗೆಲ್ಲುತ್ತಿದ್ದಿರಾ?" ಎಂದು ಕೇಳಿದೆ.

ಆಂಟಿ ಲೋಟದೊಳಗೆ ನೋಡಿದರು. "ಒಬ್ಬ ಮೇಷ್ಟ್ರ ವಿಷಯದಲ್ಲಿ ಆಗಲಿಲ್ಲ. ಚಿಕ್ಕದೇ ಬರೆದಿದ್ದೆ. ಮೇಲಿನವರು ಅದನ್ನು ದೊಡ್ಡದು ಮಾಡಿಕೊಂಡರು. ಮೇಷ್ಟ್ರನ್ನು ಕರೆದುಕೊಂಡು ಹೋದರು." ಬಿಸಿನೀರು ಕುಡಿದು ಮನೆಗೆ ಬಂದೆ.

ಆ ಬೇಸಿಗೆ ಮೂವತ್ತು ದಿನ ನಮ್ಮ ಬಾಲ್ಕನಿಯಲ್ಲಿ ಸಂಡಿಗೆ ಹಬ್ಬದ ಅಲಂಕಾರವಾಗಿ ಒಣಗಿತು. ಅತ್ತೆ ಸಾಲುಗಳ ನಡುವೆ ಒಂದು ಪುಟ್ಟ ಬಾವುಟ ನೆಟ್ಟಿದ್ದರು. ಅಧ್ಯಕ್ಷರು ಕೆಳಗೆ ನಿಂತು ಅದಕ್ಕೊಂದು ಸಲ್ಯೂಟ್ ಹೊಡೆದು ಹೋದರು.

ಮರುವರ್ಷ ಎದುರು ಮನೆಗೆ ಹೊಸ ಸಂಸಾರ ಬಂತು. ಬೆಂಗಳೂರಿನವರೇ. ಬಂದ ದಿನವೇ ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡು ಇಟ್ಟರು, ಅದರಲ್ಲಿ ಹದಿನಾಲ್ಕು ಜೊತೆ. ಅಧ್ಯಕ್ಷರು ಎರಡು ಸಲ ಅದರ ಮುಂದೆ ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ.

"ಅಯ್ಯ, ಪಾಪ," ಎಂದರು ಅತ್ತೆ. "ಅಂವ ಬರಿಯೋಕ್ಕಿಂತ ಮೊದಲ ನೀನ ಒಂದು ಸಣ್ಣದು ಬರದಬಿಡು."

ನಾನು ಫೋನು ತೆಗೆದುಕೊಂಡು ಹೊರಗೆ ನಿಂತು ಫೋಟೊ ಹೊಡೆದೆ. ಬೆಳಕು ಸರಿ ಬರಲಿಲ್ಲವೆಂದು ಇನ್ನೊಂದು ಹೊಡೆದೆ. ಚಪ್ಪಲಿಗಳ ಜೊತೆ ಮನೆಯ ನಂಬರೂ ಕಾಣಲಿ ಎಂದು ಮೂರನೆಯದು. ಸತ್ಯ ಹೇಳುತ್ತೇನೆ, ಆ ಹೊತ್ತಿಗೆ ಅವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂಬುದು ನನಗೆ ಮರೆತುಹೋಗಿತ್ತು. ಮಜಾ ಬರುತ್ತಿತ್ತು.

ಯಾರೋ ಭುಜ ಹಿಡಿದರು. ಆಂಟಿ, ಮನೆಯೊಳಗಿನ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿಬಂದಿದ್ದರು, ಏದುಸಿರು.

"ನೀನು ಬೇಡ," ಎಂದರು. "ಕೈಗೆ ರುಚಿ ಹತ್ತುತ್ತೆ. ಹೋಗಿ ಬೆಲ್ ಒತ್ತು, ಚಪ್ಪಲಿ ಒಳಗಿಡಿ ಅಂತ ಹೇಳು."

ನಾನು ಅವರ ಕಣ್ಣೆದುರೇ ಮೂರೂ ಫೋಟೊ ಅಳಿಸಿದೆ. ಅವರು ಅಲ್ಲಾಡಲಿಲ್ಲ. ನನ್ನ ಕೈಯಿಂದ ಫೋನು ತೆಗೆದುಕೊಂಡು, ಅಳಿಸಿದ ಫೋಟೊಗಳು ಉಳಿದುಕೊಂಡಿರುವ ಜಾಗ ಹುಡುಕಿ, ಅಲ್ಲಿಂದಲೂ ಒಂದೊಂದಾಗಿ ತೆಗೆದುಹಾಕಿ ಫೋನು ವಾಪಸು ಕೊಟ್ಟರು.